ತಿಮಿಂಗಿಲದ ಎಡಬಾಗಿಲು

"ಟಾರ್ಚು ಇನ್ನೂ ಸ್ವಲ್ಪ ಒಳಗೆ ಹಿಡೀರಿ ಟೈಪಿಸ್ಟಮ್ಮ. ಇವಳ ಹೊಟ್ಟೆಯೊಳಗೆ ನನಗಿಂತ ಮುಂಚೆ ಯಾರೋ ಕೈ ಹಾಕಿದಾರೆ."

ಮೇಸ್ತ್ರಿ ಗ್ಯಾರೇಜಿನ ನೆಲದ ಮೇಲೆ ಮೊಣಕಾಲೂರಿದ್ದ. ಕಾರಿನ ಎಡಗಡೆಯ ಮುಂಬಾಗಿಲಿನ ಒಳಹೊದಿಕೆ ಬಿಚ್ಚಿ ಗೋಡೆಗೆ ಒರಗಿಸಿದ್ದ. ಈಗ ಬಾಗಿಲಿನ ಬರಿಯ ತಗಡು, ಅದರೊಳಗಿನ ಕಂಬಿ, ಸ್ಪ್ರಿಂಗು, ಹಲ್ಲಿನ ಚಕ್ರ ಎಲ್ಲವೂ ಕಾಣುತ್ತಿದ್ದವು.

ಇವಳು ಎಂದರೆ ಕಾರು. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲಿ ಅಮೆರಿಕದಲ್ಲಿ ತಯಾರಾದ ನಾಲ್ಕು ಬಾಗಿಲಿನ ಸೆಡಾನ್, ಎಡಗಡೆ ಸ್ಟಿಯರಿಂಗು. ಆ ಜಾತಿಯ ಕಾರುಗಳು ಈಗ ಎಲ್ಲೆಲ್ಲಿ ಉಳಿದಿವೆ ಎಂದು ಬೆರಳು ಮಡಚಿ ಹೇಳಬಹುದು. ಉಬ್ಬಿದ ಬೆನ್ನು, ಮುಂದೆ ಹಲ್ಲು ಕಿರಿದಂಥ ಕ್ರೋಮಿನ ಜಾಲರಿ. ಒಡೆಯರ ಮನೆಯವರು ಅದಕ್ಕೆ ತಿಮಿಂಗಿಲ ಎಂದು ಹೆಸರಿಟ್ಟಿದ್ದರು. ಗ್ಯಾರೇಜಿಗೆ ಬಂದ ದಿನ ಮೇಸ್ತ್ರಿ ಅದನ್ನು ಒಂದು ಸುತ್ತು ಬಂದು, "ದೊಡ್ಡ ಕಾಯಿಲೆ ಏನಿಲ್ಲ, ವಯಸ್ಸಿನ ಮೈಕೈ ನೋವು ಅಷ್ಟೇ" ಅಂದಿದ್ದ. ಹಿಂದಿನ ದೀಪದ ಗಾಜು ಒಂದು ಸೀಳಿತ್ತು. ಚಾವಣಿಯ ಬಟ್ಟೆ ಮೂಲೆಯಲ್ಲಿ ಜೋತುಬಿದ್ದಿತ್ತು. ಬಾಗಿಲುಗಳ ರಬ್ಬರು ಒಣಗಿ ಕಟ್ಟಿಗೆಯಾಗಿತ್ತು. ತಿಳಿಹಸಿರು ಬಣ್ಣ ಮಾತ್ರ ಒರೆಸಿದರೆ ಇನ್ನೂ ಮುಖ ತೋರಿಸುತ್ತಿತ್ತು.

ಇದೇ ಕಾರು ಇಪ್ಪತ್ತು ವರ್ಷದ ಹಿಂದೆ ಸೈಕಲಿನಲ್ಲಿ ಹೋಗುತ್ತಿದ್ದ ಟೈಲರೊಬ್ಬನನ್ನು ಕೊಂದಿತ್ತು. ಡ್ರೈವರ್ ತಪ್ಪು ಒಪ್ಪಿಕೊಂಡು ಜೈಲಿಗೆ ಹೋಗಿ ಬಂದಿದ್ದರು. ಈಗ ಅವರ ಮಗಳು, ಅಪ್ಪ ನಿಜಕ್ಕೂ ಆ ತಪ್ಪು ಮಾಡಿದ್ದರೇ ಎಂದು ಕೇಳಿಕೊಂಡು ಟೈಪಿಸ್ಟಮ್ಮನ ಬಳಿ ಬಂದಿದ್ದಳು.

ಟೈಪಿಸ್ಟಮ್ಮ ಕೋರ್ಟಿನಲ್ಲಿ ಕುಳಿತು ಜನರ ಮಾತನ್ನು ಟೈಪು ಮಾಡುತ್ತಲೇ ತಲೆ ನರೆತವರು. ನಿವೃತ್ತಿಯಾದ ಮೇಲೂ ಸುಮ್ಮನೆ ಕೂರುವ ಜಾಯಮಾನ ಅಲ್ಲ. ಪರರ ಮನೆಯ ಗಂಟು ಬಿಡಿಸುವುದು ಅವರಿಗೆ ಹೆಣಿಗೆಯ ಹಾಗೆ. ಅವಸರವಿಲ್ಲ, ಆದರೆ ಕೈ ನಿಲ್ಲುವುದೂ ಇಲ್ಲ.

"ಏನು ಕಾಣ್ತಿದೆ?" ಅವರು ಟಾರ್ಚನ್ನು ತಗಡಿನ ಕಂಡಿಯೊಳಗೆ ತಿರುಗಿಸಿದರು.

"ಈ ಕಂಬಿ ನೋಡಿ. ಒಳಗಿನ ಹಿಡಿ ಎಳೆದರೆ ಈ ಕಂಬಿ ಜಗ್ಗುತ್ತೆ, ಬಾಗಿಲು ಬಿಟ್ಟುಕೊಳ್ಳುತ್ತೆ. ಇಲ್ಲಿ ಸ್ಪ್ರಿಂಗು ಮುರಿದಿದೆ. ಹಾಗೇ ಬಿಟ್ಟಿದ್ದರೆ ಒಂದು ಗುಂಡಿಗೆ ಇಳಿದರೂ ಬಾಗಿಲು ತಾನೇ ತೆರೆದುಕೊಂಡುಬಿಡ್ತಿತ್ತು. ಈ ಮಹಾತಾಯಿಯ ಸ್ಪ್ರಿಂಗು ಯಾವ ಅಂಗಡೀಲಿ ಸಿಗಬೇಕು? ಅದಕ್ಕೇ ಯಾರೋ ಕಂಬಿಯನ್ನೇ ತಂತಿಯಿಂದ ಬಿಗಿದಿದಾರೆ."

"ಹಾಗಾದರೆ ಒಳಗಿಂದ?"

"ಒದ್ದರೂ ತೆರೆಯಲ್ಲ. ಹೊರಗಿನಿಂದ ತೆಗೀಬಹುದು, ಒಳಗಿಂದ ಆಗಲ್ಲ. ಡ್ರೈವರ್ ಆದವನು ಸೀಟಿನ ಮೇಲೆ ಜಾರಿಕೊಂಡು ಹೋಗಿ ಬಲಗಡೆ ಬಾಗಿಲಿಂದ ಇಳೀಬೇಕು."

"ಗಾಜು ಇಳಿಸಿ, ಕೈ ಹೊರಗೆ ಹಾಕಿ ತೆಗೆದರೆ?"

"ಗಾಜೂ ಸಿಕ್ಕಿಕೊಂಡಿದೆ. ಹೊರಗೆ ಬೆರಳು ಹೋದೀತು, ಕೈ ಹೋಗಲ್ಲ."

ಟೈಪಿಸ್ಟಮ್ಮ ಮುಂದಿನ ಸೀಟಿನ ಕಡೆ ಬೆಳಕು ಬಿಟ್ಟರು. ಎರಡು ಕುರ್ಚಿಯಂಥದಲ್ಲ, ಬಾಗಿಲಿನಿಂದ ಬಾಗಿಲಿಗೆ ಒಂದೇ ಬೆಂಚಿನಂಥ ಸೀಟು. ಬೂದು ಬಟ್ಟೆ ಸವೆದದ್ದು ಕೂರುವ ಎರಡು ಜಾಗದಲ್ಲಷ್ಟೇ ಅಲ್ಲ. ಈ ತುದಿಯಿಂದ ಆ ತುದಿಯವರೆಗೂ ಮಿರಿಮಿರಿ ಮಿನುಗುತ್ತಿತ್ತು. ಯಾರೋ ದಿನವೂ ಅದರ ಮೇಲೆ ಜಾರಿದ್ದರು.

ಅಲ್ಲಿಯವರೆಗೆ ದೂರದಲ್ಲಿ ಕೈಕಟ್ಟಿ ನಿಂತಿದ್ದ ಡ್ರೈವರ ಮಗಳು ಹತ್ತಿರ ಬಂದಳು. ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವಳು. ಸಣ್ಣದನ್ನು ನೋಡುವ ಕಣ್ಣು. ಬಗ್ಗಿ ತಂತಿಯನ್ನು ನೋಡಿದವಳು ಹಾಗೇ ನಿಂತುಬಿಟ್ಟಳು.

"ಇದು ಅಪ್ಪ ಕಟ್ಟಿದ್ದು."

"ತಂತಿ ಅಂದ್ರೆ ತಂತಿ. ಹೆಸರು ಬರೆದಿರುತ್ತಾ?" ಅಂದ ಮೇಸ್ತ್ರಿ.

"ನಮ್ಮ ಮನೆ ಬಕೆಟ್ಟಿನ ಹಿಡಿ, ಕಿಟಕಿ ಚಿಲಕ, ಅಮ್ಮನ ಛತ್ರಿ, ಎಲ್ಲಾ ಹೀಗೇ. ಅಪ್ಪ ಎಡಚ. ಸುತ್ತು ಉಲ್ಟಾ ಬರುತ್ತೆ. ತುದಿಯನ್ನ ಒಳಗೆ ಮಡಚಿ ಸುತ್ತಿನ ಕೆಳಗೆ ಸೇರಿಸ್ತಾರೆ, ಯಾರ ಬಟ್ಟೆಯೂ ಹರೀಬಾರದು ಅಂತ."

ಮೇಸ್ತ್ರಿ ತಂತಿಯ ಮೇಲೆ ಬೆರಳಾಡಿಸಿದ. ಚುಚ್ಚಲಿಲ್ಲ.

ಅಪಘಾತದ ದಿನವೇ ಪೊಲೀಸರು ಕಾರನ್ನು ಒಯ್ದಿದ್ದರು. ವಾಪಸ್ಸು ಬಂದ ಮೇಲೆ ಅದು ಯಜಮಾನರ ಶೆಡ್ಡು ಸೇರಿ ಬೀಗ ಬಿತ್ತು. ಆಗ ಡ್ರೈವರ್ ಜೈಲಿನಲ್ಲಿದ್ದರು. ಅಂದಮೇಲೆ ತಂತಿ ಅಪಘಾತಕ್ಕಿಂತ ಮೊದಲಿನದು.

ಟೈಪಿಸ್ಟಮ್ಮ ಟಾರ್ಚು ಆರಿಸಿ ಸ್ಟೂಲಿನ ಮೇಲೆ ಕುಳಿತರು.

"ಕೋರ್ಟಿನಲ್ಲಿ ಚಿಕ್ಕ ಯಜಮಾನರು ಹೇಳಿದ ಮಾತು ನನಗೆ ಕಿವಿಯಲ್ಲಿದೆ ಕಣಮ್ಮ. ನನ್ನ ಬೆರಳೇ ಅದನ್ನ ಟೈಪು ಮಾಡಿದ್ದು. 'ಡ್ರೈವರ್ ತನ್ನ ಕಡೆಯ ಬಾಗಿಲು ತೆಗೆದು ಇಳಿದ, ಬಿದ್ದವನನ್ನು ನೋಡಿದ, ಮತ್ತೆ ಹತ್ತಿ ಕಾರು ಓಡಿಸಿದ.' ನಿಮ್ಮಪ್ಪನ್ನ ಕೇಳಿದರು. ಹೌದು ಸ್ವಾಮಿ ಅಂದರು."

"ತೆರೆಯದ ಬಾಗಿಲು ತೆಗೆದು ಇಳಿದೆ ಅಂತ ಯಾಕೆ ಒಪ್ಪಿಕೊಂಡರು?"

"ಅದೇ ನೋಡು. ತಂತಿ ಕಟ್ಟಿದವರೇ ಹೌದು ಅಂದಿದಾರೆ."

ಚಿಕ್ಕ ಯಜಮಾನರು ಎಂದರೆ ಕಾರಿನ ಒಡೆಯರ ತಮ್ಮ. ಆ ಸಂಜೆ ಹೊಟ್ಟೆನೋವಿನಿಂದ ಒದ್ದಾಡುತ್ತಿದ್ದ ಅವರನ್ನು ಆಸ್ಪತ್ರೆಗೆ ಒಯ್ಯುವಾಗಲೇ ಟೈಲರ್ ಅಡ್ಡ ಬಂದದ್ದು. ಪಕ್ಕದ ಸೀಟಿನಲ್ಲಿದ್ದ ಒಬ್ಬರೇ ಸಾಕ್ಷಿ ಅವರು. ಅಣ್ಣ ತೀರಿಕೊಂಡ ಮೇಲೆ ಕಾರು ಅವರದಾಗಿತ್ತು. ಹಳೆಯ ಕಾರುಗಳ ಸಂಗ್ರಹಕ್ಕೆ ಅದನ್ನು ನಾಳೆ ಕಳಿಸುವವರಿದ್ದರು. ಹೊಸ ಬಟ್ಟೆ, ಹೊಸ ರಬ್ಬರು, ಹೊಸ ಸ್ಪ್ರಿಂಗು ಬಿದ್ದರೆ ಕಾರು ಹೇಳಬೇಕಾದದ್ದೆಲ್ಲ ಅಳಿಸಿಹೋಗುತ್ತಿತ್ತು.

ಮಗಳ ದನಿ ತಗ್ಗಿತು. "ಜೈಲಿಂದ ಬಂದ ದಿನ ಅಪ್ಪ ನನ್ನ ತಲೆ ಮುಟ್ಟೋಕೆ ಬಂದರು. ಕೈ ತಳ್ಳಿದೆ. ಟೈಲರ್ ಮಗ ನನ್ನ ಕ್ಲಾಸಲ್ಲೇ ಓದ್ತಿದ್ದ. ಅವತ್ತಿಂದ ಅಪ್ಪನ ಜೊತೆ ಕೂತು ಊಟ ಮಾಡಿಲ್ಲ ನಾನು. ಈಗ ಆಸ್ಪತ್ರೆಯಲ್ಲಿ ಉಸಿರಿಗೆ ಒದ್ದಾಡ್ತಿದಾರೆ. ತಪ್ಪು ಮಾಡಿಲ್ಲ ಅಂತಾದರೆ ನಾನು ಕ್ಷಮೆ ಕೇಳಬೇಕು. ಅವರಿಗೆ ಕಿವಿ ಕೇಳಿಸೋವಾಗಲೇ ಕೇಳಬೇಕು."

"ಗೊತ್ತಾದದ್ದು ಸಿಹಿಯಾಗೇ ಇರುತ್ತೆ ಅಂತ ಇಲ್ಲ."

"ಕಹಿಯಾದರೂ ಸರಿ. ಯಾರೇ ಆಗಿರಲಿ, ನನಗೇ ಮೊದಲು ಹೇಳಬೇಕು. ಮಾತು ಕೊಡಿ."

ಟೈಪಿಸ್ಟಮ್ಮ ಮಾತು ಕೊಡುವುದರಲ್ಲಿ ಜಿಪುಣರು. ಆದರೂ ಆ ಹುಡುಗಿಯ ಮುಖ ನೋಡಿ, "ಹೇಳ್ತೀನಿ" ಅಂದುಬಿಟ್ಟರು.

"ಅಮ್ಮನ್ನ ಕರ್ಕೊಂಡು ಬರ್ತೀನಿ. ಕಾರು ನಾಳೆ ಹೋಗುತ್ತಲ್ಲ, ಒಂದ್ಸಲ ನೋಡಬೇಕು ಅಂದಿದ್ದರು," ಎಂದು ಮಗಳು ಆಸ್ಪತ್ರೆಯ ಕಡೆ ನಡೆದಳು.

ಅವಳು ತಿರುವು ದಾಟುವವರೆಗೂ ನೋಡಿ ಟೈಪಿಸ್ಟಮ್ಮ ಹೇಳಿದರು: "ಫೋಟೋ ತೆಗೆದುಕೊಳ್ಳಿ ಮೇಸ್ತ್ರಿ. ಆಮೇಲೆ ಬಾಗಿಲು ಸರಿಮಾಡಿಬಿಡಿ. ಒಳಗಿಂದ ಸಲೀಸಾಗಿ ತೆರೆಯೋ ಹಾಗೆ. ತಂತಿ ನನ್ನ ಕೈಗೆ ಕೊಡಿ."

"ಸಾಕ್ಷಿ ಅಂತೀರಿ, ಬಿಚ್ಚು ಅಂತೀರಿ."

"ತಂತಿ ಡ್ರೈವರ ವಿಷಯ ಹೇಳಿತು. ಇನ್ನೊಬ್ಬರ ವಿಷಯ ಸರಿಯಾದ ಬಾಗಿಲು ಹೇಳಬೇಕು."

ಮೇಸ್ತ್ರಿಗೆ ಅರ್ಥವಾಗಲಿಲ್ಲ. ಅರ್ಥವಾಗದ ಕೆಲಸವನ್ನೂ ನಾಜೂಕಾಗಿ ಮಾಡುವ ಮನುಷ್ಯ. ಬೇರೊಂದು ಹಳೆ ಕಾರಿನ ಸ್ಪ್ರಿಂಗನ್ನು ಕತ್ತರಿಸಿ, ಬಗ್ಗಿಸಿ, ಕೂರಿಸಿದ. ಗಾಜನ್ನೂ ಸಡಿಲ ಮಾಡಿದ. ಹೊದಿಕೆಯನ್ನು ಮತ್ತೆ ಮುಚ್ಚಿದ. ಹೊರಗಿನಿಂದ ನೋಡಿದರೆ ಬಾಗಿಲು ಇಪ್ಪತ್ತು ವರ್ಷದಿಂದ ಹೇಗಿತ್ತೋ ಹಾಗೇ.

ಆಮೇಲೆ ಸೀಟಿನ ಬಟ್ಟೆಯ ಅಳತೆ ತೆಗೆಯಲೆಂದು ಕೆಳಗೆ ಕೈ ಹಾಕಿದವನು, "ಇಲಿ ಗೂಡು ಕಟ್ಟಿದೆ" ಎಂದು ಗೊಣಗಿ ಏನನ್ನೋ ಎಳೆದ.

ಇಲಿಯ ಗೂಡಲ್ಲ, ದಿಂಬು. ಒಂದು ಕುಂಡೆ ಕೂರುವಷ್ಟೇ ಅಗಲ, ಒತ್ತಾಗಿ ಬಟ್ಟೆಚೂರು ತುಂಬಿ ಹೊಲಿದದ್ದು. ನೀಲಿ ಪಟ್ಟೆಯ ಹಾಸಿಗೆ ಬಟ್ಟೆ. ಅಂಚಿಗೆ ಎರಡು ಸಾಲು ಹೊಲಿಗೆ. ಒಂದು ಮೂಲೆಯಲ್ಲಿ ಲಾಡಿ ಇತ್ತು. ಇನ್ನೊಂದು ಮೂಲೆಯಲ್ಲಿ ಲಾಡಿ ಕಿತ್ತುಹೋದ ತೂತು.

"ಬಿದ್ದಿತ್ತೋ?"

"ಬಿದ್ದಿದ್ದಲ್ಲ. ಸ್ಪ್ರಿಂಗುಗಳ ನಡುವೆ ಗಟ್ಟಿಯಾಗಿ ತುರುಕಿದ್ದರು."

ಟೈಪಿಸ್ಟಮ್ಮ ಬಗ್ಗಲಾರದೆ ಬಗ್ಗಿ ಸೀಟಿನ ಅಡಿ ನೋಡಿದರು. ಸ್ಟಿಯರಿಂಗಿನ ನೇರಕ್ಕೆ, ಚೌಕಟ್ಟಿನ ಒಳಮಗ್ಗುಲಲ್ಲಿ, ಒಂದು ಸಣ್ಣ ಕೊಕ್ಕೆ. ಮುಂದೆ ನಿಂತವರಿಗೆ ಕಾಣುವಂತಿಲ್ಲ. ಅದರಲ್ಲಿ ನೀಲಿ ಲಾಡಿಯ ತುಂಡೊಂದು ಗಂಟು ಹಾಕಿದ ಹಾಗೇ ಉಳಿದಿತ್ತು. ಬಿಚ್ಚುವಷ್ಟು ವ್ಯವಧಾನವಿಲ್ಲದೆ ಯಾರೋ ದಿಂಬನ್ನು ಕಿತ್ತಿದ್ದರು.

"ಡ್ರೈವರ್ ಎತ್ತರದ ಆಳು," ಟೈಪಿಸ್ಟಮ್ಮ ತಮಗೇ ಹೇಳಿಕೊಂಡರು. "ಈ ದಿಂಬಿನ ಮೇಲೆ ಕೂತರೆ ತಲೆ ಚಾವಣಿಗೆ ತಾಗುತ್ತೆ."

"ಚಿಕ್ಕ ಯಜಮಾನರೂ ಉದ್ದನೆ ಮನುಷ್ಯನೇ," ಅಂದ ಮೇಸ್ತ್ರಿ. "ಯಾರೋ ಗಿಡ್ಡದವರು ಓಡಿಸ್ತಿದ್ದರು ಇವಳನ್ನ."

ದಿಂಬು ಕಪಾಟಿನ ಮೇಲೆ, ಗ್ರೀಸಿನ ಡಬ್ಬಿಗಳ ಪಕ್ಕ ಕುಳಿತಿತು.

ಚಿಕ್ಕ ಯಜಮಾನರು ಬಂದಾಗ ಮಧ್ಯಾಹ್ನದ ಬಿಸಿಲು ಗ್ಯಾರೇಜಿನ ಹೊಸ್ತಿಲಿಗೆ ಬಂದಿತ್ತು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಊರುಗೋಲು, ಮಡಚಲು ಒಪ್ಪದ ಬಲಮೊಣಕಾಲು. ಕಾರನ್ನು ನೋಡಿ ಬೇರೆಯವರ ಮನೆಯ ಮದುವಣಗಿತ್ತಿಯನ್ನು ನೋಡಿದವರಂತೆ ಸಂಕೋಚಪಟ್ಟರು.

"ತಿಮಿಂಗಿಲಕ್ಕೆ ಸ್ನಾನ ಆಗಿದೆಯಲ್ಲ."

"ಸ್ನಾನ ಆಯ್ತು, ಅಲಂಕಾರ ಬಾಕಿ," ಅಂದ ಮೇಸ್ತ್ರಿ.

"ಒಮ್ಮೆ ಒಳಗೆ ಕೂತು ಹಾರನ್ ಒತ್ತಿ ನೋಡಿ," ಟೈಪಿಸ್ಟಮ್ಮ ಎಡಬಾಗಿಲನ್ನು ಹೊರಗಿನಿಂದ ತೆಗೆದು ಹಿಡಿದರು. "ಒಡೆಯರ ಕಿವಿಗೆ ಸರಿ ಅನ್ನಿಸಬೇಕಲ್ಲ."

ಅವರು ಊರುಗೋಲನ್ನು ಒಳಗೆ ಒರಗಿಸಿ, ಕಾಲನ್ನು ಕೈಯಿಂದಲೇ ಎತ್ತಿ ಇಟ್ಟುಕೊಂಡು, ಸ್ಟಿಯರಿಂಗಿನ ಹಿಂದೆ ಕುಳಿತರು. ಟೈಪಿಸ್ಟಮ್ಮ ಬಾಗಿಲು ಹಾಕಿದರು. ಹಾರನ್ನು ಕರು ಕಳೆದುಕೊಂಡ ಎಮ್ಮೆಯಂತೆ ಕೂಗಿತು. ಚಿಕ್ಕ ಯಜಮಾನರು ಮೊದಲ ಸಲ ನಕ್ಕರು.

"ಸಾಕು, ಇಳಿದು ಬನ್ನಿ. ಟೀ ಆರುತ್ತೆ."

ಬಾಗಿಲಿನ ಹಿಡಿ ಅವರ ಎಡ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿತ್ತು. ಅವರು ಆ ಕಡೆ ತಿರುಗಲೂ ಇಲ್ಲ. ಎರಡೂ ಅಂಗೈ ಸೀಟಿಗೆ ಊರಿ, ಮಡಚದ ಕಾಲನ್ನು ಹಲ್ಲುಕಚ್ಚಿ ಎಳೆದುಕೊಂಡು, ಇಂಚಿಂಚೇ ಬಲಕ್ಕೆ ಜಾರಿದರು. ಬಲಬಾಗಿಲು ತೆಗೆದು ಇಳಿದು ನಿಂತಾಗ ಹಣೆಯಲ್ಲಿ ಬೆವರಿತ್ತು.

ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರನ್ನು ಮೆಲ್ಲಗೆ ಕೆಳಗಿಟ್ಟ.

"ಅಷ್ಟು ಕಷ್ಟ ಯಾಕೆ ಪಟ್ಟಿರಿ? ಎಡಬಾಗಿಲು ಪಕ್ಕದಲ್ಲೇ ಇತ್ತಲ್ಲ," ಅಂದರು ಟೈಪಿಸ್ಟಮ್ಮ.

"ಅದು ಒಳಗಿಂದ ತೆರೆಯಲ್ಲ."

ಟೈಪಿಸ್ಟಮ್ಮ ಬಲಗಡೆಯಿಂದ ಒಳಗೆ ಬಗ್ಗಿ, ಊರುಗೋಲಿನ ತುದಿಯಿಂದ ಎಡಗಡೆಯ ಹಿಡಿಯನ್ನು ಜಗ್ಗಿದರು. ಬಾಗಿಲು ಟಕ್ಕೆಂದು ಬಿಚ್ಚಿಕೊಂಡು ತಾನೇ ಅಗಲವಾಯಿತು. ಬಿಸಿಲು ಸೀಟಿನ ಮೇಲೆ ಬಿತ್ತು.

"ಇವತ್ತು ಬೆಳಗ್ಗೆ ಸರಿಮಾಡಿದ್ದು. ತೆರೆಯಲ್ಲ ಅನ್ನೋದು ನಿಮಗೆ ಇವತ್ತೂ ಗೊತ್ತಿತ್ತು, ಅವತ್ತೂ ಗೊತ್ತಿತ್ತು. ಆದರೂ ಡ್ರೈವರ್ ಆ ಬಾಗಿಲು ತೆಗೆದು ಇಳಿದ ಅಂದಿರಿ."

ಅವರು ಟೈಪಿಸ್ಟಮ್ಮನನ್ನು ಈಗ ಸರಿಯಾಗಿ ನೋಡಿದರು. "ಕೋರ್ಟಿನಲ್ಲಿ ಕಿಟಕಿ ಪಕ್ಕ ಕೂತಿರ್ತಿದ್ದಿರಿ."

"ಹೌದು. ನಿಮ್ಮ ಮಾತಿಗೆ ನಾನು ಒಂದು ಅಕ್ಷರ ಸೇರಿಸಲಿಲ್ಲ, ಒಂದು ಬಿಡಲಿಲ್ಲ."

ಸ್ಟೂಲು ಹತ್ತಿರವಿತ್ತು. ಅವರು ಅದರ ಮೇಲೆ ಕುಸಿದರು. ಯಾರೂ ಕರೆಯದಿದ್ದರೂ ಮೇಸ್ತ್ರಿ, ಕರೆ ಕೇಳಿದವನಂತೆ ಹೊರಗೆ ಹೋದ.

"ಸುಳ್ಳು ಹೇಳೋವಾಗ ಕಂಡಿದ್ದು ನೆನಪಿಗೆ ಬರಲ್ಲಮ್ಮ. ಎಲ್ಲರೂ ಕಾರಿಂದ ಹೇಗೆ ಇಳೀತಾರೋ ಅದೇ ಬಾಯಿಗೆ ಬಂತು. ಹೇಳಿದ ಮೇಲೆ ಆ ಬಾಗಿಲು ನೆನಪಾಯ್ತು. ಡ್ರೈವರ್ ಕಟಕಟೆಯಿಂದ ನನ್ನ ನೋಡಿದ. ನೋಡಿ, ಹೌದು ಅಂದ."

"ಅವತ್ತು ಓಡಿಸಿದ್ದು ಅವರಲ್ಲ."

ಅವರು ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡರು.

"ನಿಮ್ಮ ಅತ್ತಿಗೆಯವರೇ?"

"ಅತ್ತಿಗೆ?" ಅವರ ಮುಖದಲ್ಲಿ ಅಳುವಿನಂಥ ನಗು ಹಾದುಹೋಯಿತು. "ಅವರು ಹಿಂದಿನ ಸೀಟಿನಲ್ಲಿ ಕೂತರೂ ಕಣ್ಣು ಮುಚ್ಚಿಕೊಳ್ತಿದ್ದರು. ಸ್ಟಿಯರಿಂಗು ಮುಟ್ಟೋದೆಲ್ಲಿ."

"ಮತ್ತೆ ಈ ದಿಂಬು ಯಾರದು?"

ಕಪಾಟಿನ ಕಡೆ ತಿರುಗಿದ ಅವರ ಕಣ್ಣು ಅಲ್ಲೇ ನಿಂತಿತು. ದಿಂಬಿಗೇ ಹೇಳುವಂತೆ ಮಾತಾಡಿದರು.

"ಅವತ್ತು ಡ್ರೈವರನ್ನ ಅಣ್ಣ ಬೇರೆ ಊರಿಗೆ ಬಸ್ಸಿನಲ್ಲಿ ಕಳಿಸಿದ್ದ. ನನ್ನ ಹೊಟ್ಟೆಯಲ್ಲಿ ಯಾರೋ ಕರುಳು ಹಿಂಡಿದ ಹಾಗೆ. ಅಷ್ಟು ದೊಡ್ಡ ಮನೇಲಿ ಕಾರು ಓಡಿಸೋಕೆ ಬರ್ತಿದ್ದವರು ಒಬ್ಬರೇ ಉಳಿದಿದ್ದರು. ಅವರೇ ನನ್ನ ಎತ್ತಿ ಕೂರಿಸಿಕೊಂಡು ಹೊರಟರು. ಟೈಲರ್ ಗಲ್ಲಿಯಿಂದ ನೇರ ಅಡ್ಡ ಬಂದ. ಅವರು ಬ್ರೇಕು ತುಳಿದರು. ನಿಲ್ಲಿಸಬೇಕು, ಇಳೀಬೇಕು ಅಂತ ನನ್ನ ಮೇಲೆ ಹಾದು ಬಲಬಾಗಿಲಿಗೆ ಕೈ ಚಾಚಿದರು. ನಾನು ಆ ಕೈ ಹಿಡಕೊಂಡೆ. ನಿಲ್ಲಿಸಬೇಡ, ಸಾಯ್ತೀನಿ ಅಂತ ಕಿರುಚಿದೆ."

ಟೈಪಿಸ್ಟಮ್ಮ ಟೀ ಲೋಟವನ್ನು ಅವರ ಪಕ್ಕಕ್ಕೆ ಸರಿಸಿದರು.

"ಆಪರೇಷನ್ ಆಯ್ತು, ಬದುಕಿದೆ. ಆ ಮನುಷ್ಯ ರಸ್ತೆಯಲ್ಲಿ ಇನ್ನೂ ಸ್ವಲ್ಪ ಹೊತ್ತು ಬದುಕಿದ್ದನಂತೆ. ಎತ್ತಿಕೊಂಡು ಹೋಗಿದ್ದರೆ ಇಬ್ಬರೂ ಒಂದೇ ಆಸ್ಪತ್ರೆಗೆ ಸೇರ್ತಿದ್ದೆವು."

"ಓಡಿಸಿದವರ ಹೆಸರು ಹೇಳಿ."

"ಡ್ರೈವರ್ ರಾತ್ರಿ ವಾಪಸ್ಸು ಬಂದವನೇ ನನ್ನ ಮಂಚದ ಪಕ್ಕ ಕೂತು ಮಾತು ತಗೊಂಡ. ಅವನು ಉಸಿರಾಡೋವರೆಗೂ ಆ ಹೆಸರು ನನ್ನ ಬಾಯಿಂದ ಬರಲ್ಲ. ನಾನು ಸುಳ್ಳು ಹೇಳಿದ್ದು ಎಲ್ಲಿ ಬೇಕಾದರೂ ಒಪ್ಪಿಕೊಳ್ತೀನಿ. ಹೆಸರು ಮಾತ್ರ ಕೇಳಬೇಡಿ."

ಟೈಪಿಸ್ಟಮ್ಮ ಮಡಿಲಲ್ಲಿದ್ದ ತಂತಿಯ ಸುತ್ತನ್ನು ತಿರುಗಿಸುತ್ತ ಕುಳಿತರು. ಒಡೆಯನಿಗಾಗಿ ಸುಳ್ಳು ಹೇಳುವ ಆಳುಗಳನ್ನು ಕೋರ್ಟಿನಲ್ಲಿ ಬೇಕಾದಷ್ಟು ಕಂಡಿದ್ದರು. ಅವರ ಮುಖದಲ್ಲಿ ಭಯ ಇರುತ್ತಿತ್ತು, ಇಲ್ಲವೇ ಆಸೆ. ಆ ಡ್ರೈವರ ಮುಖದಲ್ಲಿ ಎರಡೂ ಇರಲಿಲ್ಲ. ಮನೆಗೆ ಬೇಕಾದ ಸಾಮಾನು ತರಲು ಹೊರಟವರಂತೆ ಕಟಕಟೆ ಇಳಿದು ಹೋಗಿದ್ದರು.

ಮನೆಗೆ ಬೇಕಾದದ್ದು.

ಟೈಪಿಸ್ಟಮ್ಮನ ಬೆರಳು ತಂತಿಯ ಮೇಲೆ ನಿಂತಿತು.

"ಬನ್ನಿ ಅಮ್ಮ, ಇಲ್ಲಿ ಎಣ್ಣೆ ಚೆಲ್ಲಿದೆ, ಜೋಪಾನ."

ಹೊರಗಿನಿಂದ ಬಂದದ್ದು ಮಗಳ ದನಿ. ಅವಳ ಕೈ ಹಿಡಿದು ಒಳಗೆ ಬಂದವರು ಡ್ರೈವರ ಹೆಂಡತಿ. ಒಡೆಯರ ಮನೆಯಲ್ಲಿ ವರ್ಷಾನುಗಟ್ಟಲೆ ಅಡಿಗೆ ಮಾಡಿದವರು. ಮಗಳ ಭುಜಕ್ಕೂ ಬಾರದಷ್ಟು ಗಿಡ್ಡ. ಆಸ್ಪತ್ರೆಯ ಜಾಗರಣೆಯಿಂದ ಕಣ್ಣು ಕೆಂಪಾಗಿತ್ತು.

ಚಿಕ್ಕ ಯಜಮಾನರು ಊರುಗೋಲು ಹುಡುಕುತ್ತ ಎದ್ದು ನಿಂತರು. ಅವರನ್ನು ಕಂಡು ಅವಳ ತಾಯಿ ತಲೆಯಾಡಿಸಿದರು ಅಷ್ಟೇ.

"ಹೇಗಿದಾರೆ?" ಚಿಕ್ಕ ಯಜಮಾನರು ಕೇಳಿದರು.

"ನಿದ್ದೆ ಹತ್ತಿದೆ. ಕಾರು ನೋಡಿಕೊಂಡು ಬಾ ಅಂದರು."

ಆಕೆ ಕಾರನ್ನು ಒಂದು ಸುತ್ತು ಬಂದರು. ತಗಡಿನ ಮೇಲೆ ಅಂಗೈ ಎಳೆಯುತ್ತ, ಹಟ್ಟಿಯಲ್ಲಿ ಹಸುವಿನ ಬೆನ್ನು ಸವರಿದಂತೆ. ಕಪಾಟಿನ ಮುಂದೆ ಬಂದಾಗ ನಿಂತರು. ಗ್ರೀಸಿನ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ದಿಂಬನ್ನು ತೆಗೆದುಕೊಂಡರು. ಧೂಳು ತಟ್ಟಿದರು. ತಿರುಗಿಸಿ ಮೂಲೆ ನೋಡಿದರು.

"ಒಂದು ಲಾಡಿ ಕಿತ್ತುಹೋಗಿದೆ," ಅಂದರು.

"ಏನಮ್ಮ ಅದು?"

ಆಕೆ ಉತ್ತರಿಸದೆ, ತೆರೆದೇ ಇದ್ದ ಎಡಬಾಗಿಲಿನ ಬಳಿ ಹೋಗಿ ದಿಂಬನ್ನು ಸ್ಟಿಯರಿಂಗಿನ ಹಿಂದೆ ಇಟ್ಟರು. ಒಮ್ಮೆ ಒತ್ತಿ ಸಮ ಮಾಡಿದರು. ಉಳಿದಿದ್ದ ಲಾಡಿಯನ್ನು ಹಿಡಿದು ಕೈಯನ್ನು ಸೀಟಿನ ಅಡಿಗೆ ಬಿಟ್ಟರು. ಬಗ್ಗಲಿಲ್ಲ, ನೋಡಲಿಲ್ಲ, ತಡವಲಿಲ್ಲ. ಬೆರಳು ನೇರವಾಗಿ ಕೊಕ್ಕೆಗೆ ಹೋಗಿ ಗಂಟು ಹಾಕಿ ವಾಪಸ್ಸು ಬಂತು.

ಮಗಳಿಗೆ ಅದು ಕಾಣಲಿಲ್ಲ. ಅವಳ ಕಣ್ಣು ಟೈಪಿಸ್ಟಮ್ಮನ ಮೇಲಿತ್ತು. ಅವರ ಮುಖದಲ್ಲಿ ಏನನ್ನೋ ಓದಲು ಹೊರಟಿದ್ದಳು.

"ಗೊತ್ತಾಯ್ತು ಅಲ್ವಾ? ಅಪ್ಪ ಅಲ್ಲ ಅಲ್ವಾ?" ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ಮತ್ತೆ ಯಾರು? ನನಗೇ ಮೊದಲು ಹೇಳ್ತೀನಿ ಅಂದಿದ್ದಿರಿ."

ಟೈಪಿಸ್ಟಮ್ಮನ ಕೈಯಲ್ಲಿ ತಂತಿ ಬೆಚ್ಚಗಾಗಿತ್ತು. ಕೊಟ್ಟ ಮಾತು ನಾಲಿಗೆಯ ಮೇಲೆ ಬಂದು ಕುಳಿತಿತು. ಆ ಕಡೆ ಚಿಕ್ಕ ಯಜಮಾನರು ಗೋಡೆಗೆ ಮುಖ ಮಾಡಿ ನಿಂತಿದ್ದರು.

ಕಾರಿನೊಳಗೆ ಸೀಟು ಕಿರ್ ಎಂದಿತು.

"ಅವರನ್ನ ಯಾಕೆ ಕೇಳ್ತೀಯ?" ಸ್ಟಿಯರಿಂಗಿನ ಹಿಂದಿನಿಂದ ತಾಯಿ ಕರೆದರು. ಎರಡೂ ಕೈ ಚಕ್ರದ ಮೇಲಿತ್ತು. ದಿಂಬು ಅವರನ್ನು ಸರಿಯಾಗಿ ರಸ್ತೆ ಕಾಣುವ ಎತ್ತರಕ್ಕೆ ಏರಿಸಿತ್ತು. "ಬಾ, ಆ ಕಡೆಯಿಂದ ಹತ್ತಿ ಪಕ್ಕದಲ್ಲಿ ಕೂತ್ಕೋ."